ಆಯಿ ತಾನೇ ಇಳಿದ ಗಾಡಿ

೧೯೯೯ನೇ ಇಸವಿಯ ಮಳೆಗಾಲ. ನಾನಾಗ ಸಾಂಗ್ಲಿ–ಮಿರಜ ರಸ್ತೆಯ ವಿಶ್ರಾಮಬಾಗದಲ್ಲಿದ್ದ ಒಂದು ಕಾರ್ ಶೋರೂಮಿನಲ್ಲಿ ಸೇಲ್ಸ್ ಮ್ಯಾನೇಜರ್ ಆಗಿದ್ದೆ. ಹುಟ್ಟಿದ್ದು ಅಥಣಿ ತಾಲೂಕಿನಲ್ಲಿ, ಹೊಟ್ಟೆಪಾಡು ಎಳೆದು ತಂದದ್ದು ಇಲ್ಲಿಗೆ. ನನ್ನ ಕೈಕೆಳಗಿನ ಹುಡುಗರೆಲ್ಲ ಮರಾಠಿ ಮಾತಿನವರು. ಬಾಗಿಲಲ್ಲಿ ಯಾರಾದರೂ ಗಾಡಿಯ ಸುತ್ತ ತಿರುಗುತ್ತ ತಮ್ಮತಮ್ಮಲ್ಲೇ ಕನ್ನಡದಲ್ಲಿ ಪಿಸುಗುಟ್ಟಿದರೆ ಸಾಕು, ಒಬ್ಬ ಹುಡುಗ ನನ್ನ ಕ್ಯಾಬಿನ್ನಿಗೆ ತಲೆ ಹಾಕಿ "ಸರ್, ತುಮಚೀ ಮಾಣಸಂ ಆಲೀ" ಅನ್ನುತ್ತಿದ್ದ. ನಿಮ್ಮ ಮಂದಿ ಬಂದರು ಅಂತ. ನಾನು ಎದ್ದು ಹೋಗಿ "ಬರ್ರಿ, ಕುಂದ್ರಿ" ಅಂದ ತಕ್ಷಣ ಆ ಮುಖಗಳು ಅರಳುವುದನ್ನು ನೋಡಬೇಕಿತ್ತು. ಅರ್ಧ ವ್ಯಾಪಾರ ಅಲ್ಲೇ ಮುಗಿಯುತ್ತಿತ್ತು.

ಉಳಿದ ಅರ್ಧ ಮಾತ್ರ ಆ ವರ್ಷಗಳಲ್ಲಿ ಭಾರಿ ಕಷ್ಟದ್ದಾಗಿತ್ತು. ಅದಕ್ಕೂ ಮುಂಚೆ ಕಾರು ಕೊಳ್ಳುವುದೆಂದರೆ ಹೆಸರು ಬರೆಸಿ ಕಾಯುವುದು. ಬಂದದ್ದು ಯಾವ ಬಣ್ಣವೋ ಅದೇ ನಸೀಬು. ಮಾರುಕಟ್ಟೆ ತೆರೆದ ಮೇಲೆ ಎಲ್ಲ ತಿರುವುಮುರುವಾಯಿತು. ವಿಶ್ರಾಮಬಾಗದ ಖಾಲಿ ಪ್ಲಾಟುಗಳಲ್ಲಿ ಬಂಗಲೆಗಳೆದ್ದವು, ಬ್ಯಾಂಕಿನವರೇ ಕಾರ್ ಲೋನ್ ಹಿಡಿದುಕೊಂಡು ಮನೆಗೆ ಬರತೊಡಗಿದರು. ನಮ್ಮ ಕಂಪನಿಯೊಂದೇ ಆ ವರ್ಷ ಎರಡು ಸೆಡಾನ್, ಎರಡು ಮಿನಿವ್ಯಾನ್ ಇಳಿಸಿತ್ತು. ಸೆಡಾನ್ ಅಂದರೆ ಹಿಂದೆ ಬೇರೆ ಡಿಕ್ಕಿ ಇರುವ, ನೆಲಕ್ಕೆ ತಗ್ಗಾದ, ನಾಲ್ಕೈದು ಮಂದಿ ಕೂರುವ ಉದ್ದನೆಯ ಕಾರು. ಮಿನಿವ್ಯಾನ್ ಅಂದರೆ ಡಬ್ಬಿಯಂಥ ಎತ್ತರದ ಗಾಡಿ. ಬದಿಯ ಬಾಗಿಲು ಹಿಂದಕ್ಕೆ ಜಾರುತ್ತದೆ, ಏಳೆಂಟು ಮಂದಿ ಕೂರಬಹುದು. ಇಷ್ಟು ಆಯ್ಕೆ ಸಿಕ್ಕಿದ್ದೇ ಜನಕ್ಕೆ ತಲೆಚಿಟ್ಟು ಹಿಡಿಯಿತು. ನಾಲ್ಕು ಬ್ರೋಷರ್ ಹರಡಿಕೊಂಡು ಕೂತವರು ಎರಡು ಸಲ ಚಹಾ ಕುಡಿದು, ಮತ್ತೆ ಬರುತ್ತೇವೆಂದು ಎದ್ದು ಹೋಗುತ್ತಿದ್ದರು. ಬ್ರೋಷರಿನ ಮೇಲೆ ನನಗೆ ಅಂದಿನಿಂದಲೂ ಸಿಟ್ಟು. ಅದರಲ್ಲಿ ಮನುಷ್ಯರೇ ಇರುವುದಿಲ್ಲ.

ಆ ಶ್ರಾವಣದಲ್ಲಿ ಸಮಡೋಳಿಯಿಂದ ಇಬ್ಬರು ಅಣ್ಣತಮ್ಮಂದಿರು ಬಂದರು. ದೊಡ್ಡವರು ಅಣ್ಣಾಸಾಹೇಬ, ಐವತ್ತರ ಆಸುಪಾಸು, ಸಾಂಗ್ಲಿಯ ಅರಿಷಿಣ ಪೇಟೆಯಲ್ಲಿ ಅಡತಿ, ಅಂದರೆ ದಲಾಲಿ ಅಂಗಡಿ, ಇಟ್ಟವರು. ಚಿಕ್ಕವರು ಭೂಪಾಲ, ಊರಲ್ಲಿ ದ್ರಾಕ್ಷಿ ತೋಟ ನೋಡಿಕೊಳ್ಳುವವರು. ಕನ್ನಡ ಮನೆಮಾತಿನ ಜೈನ ಮನೆತನ, ಇಬ್ಬರದೂ ಒಂದೇ ಒಲೆ. ನಾನು ಕನ್ನಡದಲ್ಲಿ ಮಾತಾಡಿಸಿದ್ದೇ ಅಣ್ಣಾಸಾಹೇಬರು ಕುರ್ಚಿಯಲ್ಲಿ ಸಡಿಲವಾಗಿ ಕೂತರು.

"ದೊಡ್ಡ ಸೆಡಾನ್ ತೋರಸ್ರಿ ಮ್ಯಾನೇಜರ್ ಸಾಹೇಬ್ರ. ಆಯೀ ಸಲುವಾಗಿ ತಗೋಳಾಕ ಹತ್ತೀವಿ. ಆಕಿ ರಾಣಿಹಂಗ ಕುಂದರಬೇಕು."

"ವ್ಯಾನೂ ತೋರಸ್ರಿ," ಅಂದರು ಭೂಪಾಲ, ಅಣ್ಣನ ಮುಖ ನೋಡದೆ. "ಅದೂ ಆಯೀ ಸಲುವಾಗೇ."

ಆಯಿ ಅಂದರೆ ಅವರ ತಾಯಿ, ಎಪ್ಪತ್ತು ದಾಟಿದವರು. ಹಿಂದಿನ ವರ್ಷ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದಿತ್ತು. ಮಿರಜದ ಆಸ್ಪತ್ರೆಯಲ್ಲಿ ಸ್ಟೀಲ್ ಪಟ್ಟಿ ಹಾಕಿ ಆಪರೇಶನ್ ಆಯಿತು, ಎಲುಬು ಕೂಡಿಕೊಂಡಿತು, ಕೋಲು ಹಿಡಿದು ನಡೆಯಬಹುದು ಅಂದರು ಡಾಕ್ಟರು. ಆದರೆ ಮುದುಕಿ ಕೋಣೆ ಬಿಟ್ಟರೆ ಮನೆ ಮುಂದಿನ ಕಟ್ಟೆ, ಕಟ್ಟೆ ಬಿಟ್ಟರೆ ಕೋಣೆ. ಬಸದಿಗೂ ಹೋಗುತ್ತಿರಲಿಲ್ಲ. ಊಟ ಕಡಿಮೆ ಮಾಡುತ್ತ ಬಂದಿದ್ದರು, ಮಾತು ಅದಕ್ಕಿಂತ ಕಡಿಮೆಯಾಗಿತ್ತು. "ನಂದ ಮುಗೀತು, ನನ್ನ ಚಿಂತಿ ಬಿಡ್ರಿ" ಅನ್ನುತ್ತಾರೆ ಎಂದರು ಭೂಪಾಲ. ಮನೆಯಲ್ಲಿದ್ದ ಜೀಪು ಹತ್ತಲು ಅವರಿಗೆ ಆಗದು. ಅದಕ್ಕೇ ಕಾರು. ಒಳ್ಳೆಯ ಗಾಡಿ ಬಂದರೆ ಆಯಿ ಮನೆ ಬಿಟ್ಟು ಹೊರಗೆ ಬಂದಾರು, ಮೊದಲಿನಂತೆ ಆದಾರು ಅನ್ನುವುದೊಂದೇ ಇಬ್ಬರ ಆಸೆ.

ಆಸೆ ಒಂದೇ ಆದರೂ ಗಾಡಿ ಎರಡು. ಅಣ್ಣಾಸಾಹೇಬರಿಗೆ ದೊಡ್ಡ ಸೆಡಾನಿನ ಮೇಲಿನ ಮಾಡೆಲ್ ಕಣ್ಣಿಗೆ ಬಿದ್ದಿತ್ತು. ಎ.ಸಿ., ಪವರ್ ಸ್ಟೀರಿಂಗ್, ಪವರ್ ವಿಂಡೋ, ಲೆದರ್ ಸೀಟ್. ಲೆದರ್ ಸೀಟ್ ಅಂದಾಗ ಅವರು ಆ ಪುಟದ ಮೇಲೆ ಕೈಯಾಡಿಸಿದ್ದು ಇನ್ನೂ ನೆನಪಿದೆ. ಭೂಪಾಲರಿಗೆ ದೊಡ್ಡ ವ್ಯಾನು. ಮನೆಮಂದಿಯೆಲ್ಲ ಹಿಡಿಯುತ್ತಾರೆ, ಹೊಲದ ಹಾದಿಯಲ್ಲಿ ತಳ ತಾಕುವುದಿಲ್ಲ. "ಶಾಲಿ ಹುಡುಗರನ್ನ ಒಯ್ಯೂ ಗಾಡಿ ಅದು. ಪೇಟ್ಯಾಗ ಇಳದ್ರ ನಗತಾರ" ಅಂತ ಅಣ್ಣ. "ನಿನ್ನ ಗಾಡಿ ನಮ್ಮ ತೋಟದ ಹಾದ್ಯಾಗ ಹೊಟ್ಟಿ ಉಜ್ಜಕೋತ ಬರ್ತದ" ಅಂತ ತಮ್ಮ. ಬಂದರು, ಹೋದರು, ಮತ್ತೆ ಬಂದರು. ಮೈಲೇಜು, ಡಿಕ್ಕಿಯ ಅಳತೆ, ಸರ್ವಿಸ್ ಖರ್ಚು ಎಲ್ಲ ಬಾಯಿಪಾಠವಾಯಿತು. ನಮ್ಮ ಹುಡುಗರು ಅವರಿಗೆ ರಾಮ–ಲಕ್ಷ್ಮಣ ಅಂತ ಹೆಸರಿಟ್ಟರು. ನನಗೋ ತಿಂಗಳ ಟಾರ್ಗೆಟ್ ತಲೆಯ ಮೇಲೆ ಕೂತಿತ್ತು.

ಕೊನೆಗೆ ತಾಳ್ಮೆ ತಪ್ಪಿ ಕೇಳಿಯೇಬಿಟ್ಟೆ. "ಆಯೀನ್ನ ಕೇಳೀರೇನ್ರಿ?"

ಇಬ್ಬರೂ ನಾನೇನೋ ಹುಚ್ಚು ಮಾತಾಡಿದ ಹಾಗೆ ನೋಡಿದರು. "ಆಯೀನ್ನ ಏನ ಕೇಳೂದ್ರಿ? ಆಕೀಗೇನ ತಿಳೀತದ ಇದರಾಗ?" ಅಂದರು ಅಣ್ಣಾಸಾಹೇಬ. "ಹತ್ತೂದು ಇಳಿಯೂದು ಚಿಂತಿನಽ ಇಲ್ಲ. ನಾವು ಇಬ್ಬರು ಮಕ್ಕಳು ಅದೀವಿ, ಹೂವಿನಂಗ ಎತ್ತಿ ಕುಂದರಸ್ತೀವಿ."

ಅದರಲ್ಲಿ ಪ್ರೀತಿ ಇತ್ತು, ಸುಳ್ಳಿರಲಿಲ್ಲ. ಆದರೂ ನನಗೆ ಮನಸ್ಸು ಒಪ್ಪಲಿಲ್ಲ. "ನಾನಽ ಗಾಡಿ ತಗೊಂಡು ನಿಮ್ಮ ಮನೀಗೆ ಬರ್ತೀನಿ. ಆಯೀ ಮುಂದ ನಿಲ್ಲಸೂಣು" ಅಂದೆ. ಆ ಕಾಲಕ್ಕೆ ಟೆಸ್ಟ್ ಡ್ರೈವ್ ಅಂದರೆ ವಿಶ್ರಾಮಬಾಗದ ಚೌಕ ಸುತ್ತಿ ಬರುವುದು, ಅಷ್ಟೇ. ಮೂರು ಗಾಡಿ ಹಳ್ಳಿಗೆ ಒಯ್ಯುತ್ತೇನೆ ಅಂದಾಗ ನಮ್ಮ ಮಾಲಕರು ಹುಬ್ಬೇರಿಸಿದರು. ಡೀಸೆಲ್ ಸುಡುವುದಕ್ಕೂ ಮಿತಿ ಬೇಡವೇ ಅಂದರು. ಗಿರಾಕಿ ಕೈತಪ್ಪಿದರೆ ಇನ್ನೂ ಹೆಚ್ಚು ಸುಡುತ್ತದೆ ಅಂದೆ.

ಸಮಡೋಳಿಯ ಮನೆಯ ಮುಂದೆ ಸಾಲಾಗಿ ನಿಲ್ಲಿಸಿದೆವು: ಲೆದರ್ ಸೀಟಿನ ಸೆಡಾನ್, ಬಟ್ಟೆ ಸೀಟಿನ ಸೆಡಾನ್, ಎಂಟು ಸೀಟಿನ ವ್ಯಾನ್. ಆಯಿ ಕಟ್ಟೆಯ ಮೇಲೆ ಕೂತಿದ್ದರು. ಸಣ್ಣ ಮೈ, ಬಿಳಿ ನೂಲಿನ ಸೀರೆ, ಮುಖ ಒಣಗಿತ್ತು, ಕಣ್ಣು ಮಾತ್ರ ಚುರುಕು. "ಯಾವೂರಪಾ ತಮ್ಮಾ?" ಅಂದರು. ಅಥಣಿ ಕಡೆಯವನು ಅಂದೆ. "ಹಂಗಾರ ಕನ್ನಡ ನೆಟ್ಟಗ ಬರ್ತದ ನಿನಗ. ನಮ್ಮ ಮೊಮ್ಮಕ್ಕಳು ತಿಳಕೋತಾವ, ಉತ್ತರ ಮರಾಠ್ಯಾಗ ಕೊಡ್ತಾವ" ಅಂದರು.

ಕೋಲು ಊರಿ ಎದ್ದು ಬಂದು ಮೊದಲನೇ ಗಾಡಿಯ ಸೀಟನ್ನು ಮುಟ್ಟಿ ನೋಡಿದರು. ಮೂಗಿನ ಹತ್ತಿರ ಕೈ ತಂದರು.

"ಇದೇನೋ ಅಣ್ಣಾ, ತೊಗಲಾ?"

ಅಣ್ಣಾಸಾಹೇಬರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. "ಲೆದರ್ ಸೀಟ್, ಆಯಿ. ಭಾರಿ ಕಿಮ್ಮತ್ತಿಂದು" ಅಂದರು ಪಾಪ.

"ಬಸದಿಗೆ ಹೋಗೂ ಮುಂದ ಸೊಂಟದ ಬೆಲ್ಟ್ ಬಿಚ್ಚಿಟ್ಟು ಹೋಗ್ತೀದಿ. ಇನ್ನ ಮ್ಯಾಲ ತೊಗಲಿನ ಮ್ಯಾಲ ಕುಂತು ಹೋಗಾಂವೇನು? ವಿಮಲಾ, ಕೈಗಿ ನೀರ ತಾರವಾ."

ಅಣ್ಣಾಸಾಹೇಬರ ಹೆಂಡತಿ ವಿಮಲಾಬಾಯಿ ತಂಬಿಗೆ ತಂದು ಅತ್ತೆಯ ಕೈಮೇಲೆ ನೀರು ಹಾಕಿದರು. ನಮ್ಮ ಡ್ರೈವರೊಬ್ಬ ಆ ಕಡೆ ತಿರುಗಿ ಕೆಮ್ಮತೊಡಗಿದ. ಇಡೀ ತಿಂಗಳು ಆ ಸೀಟಿನ ಗುಣಗಾನ ಮಾಡಿದ ಅಣ್ಣಾಸಾಹೇಬರಿಗೂ ನನಗೂ, ಅದು ಯಾವುದರಿಂದ ಆದದ್ದು ಅನ್ನುವುದು ಒಮ್ಮೆಯೂ ಹೊಳೆದಿರಲಿಲ್ಲ. ಚರ್ಮದ ಚಪ್ಪಲಿಯನ್ನು ಹೊಸ್ತಿಲ ಒಳಗೆ ತರದ ಮನೆ ಅದು! ಭೂಪಾಲರು ನಗಲೂ ಆಗದೆ, ನಗು ತಡೆಯಲೂ ಆಗದೆ ಮೀಸೆ ತಿರುವುತ್ತ ನಿಂತರು.

ಎರಡನೆಯದು ಬಟ್ಟೆ ಸೀಟಿನ ಸೆಡಾನ್. ಸೀಟು ತೀರ ತಗ್ಗು. ಆಯಿ ಬಾಗಿಲ ಹತ್ತಿರ ನಿಂತು ಹೇಗೆ ಕೂರಬೇಕೋ ಯೋಚಿಸುತ್ತಿದ್ದರು. ಅಷ್ಟರಲ್ಲಿ ಇಬ್ಬರು ಮಕ್ಕಳೂ ಒಂದೊಂದು ಕಡೆಯಿಂದ ಎತ್ತಿ ಕೂರಿಸಿಯೇಬಿಟ್ಟರು. ಹಾಗೇ ಎತ್ತಿ ಇಳಿಸಿದರು. "ನೋಡ್ರಿ, ಹೂವಿನಂಗ!" ಅಂದರು ಅಣ್ಣಾಸಾಹೇಬ, ನನ್ನ ಕಡೆ ತಿರುಗಿ. ಆಯಿ ಕೋಲು ಹಿಡಿದು ಒಳಗೆ ಹೋದರು. ಕೋಣೆಯ ಬಾಗಿಲು ಮುಚ್ಚಿದ ಸದ್ದು ಕೇಳಿತು. ವ್ಯಾನಿನ ಕಡೆ ಅವರು ಕಣ್ಣೆತ್ತಿಯೂ ನೋಡಿರಲಿಲ್ಲ.

ಅಣ್ಣತಮ್ಮಂದಿರೂ ನಾನೂ ಅಂಗಳದಲ್ಲಿ ಪೆಚ್ಚಾಗಿ ನಿಂತೆವು. ಚಹಾ ತಂದ ವಿಮಲಾಬಾಯಿ ಬಾಗಿಲ ಮರೆಯಲ್ಲೇ ನಿಂತು ಗಂಡನಿಗೆ ಕೇಳುವ ಹಾಗೆ ನನಗೆ ಹೇಳಿದರು.

"ಸಾಹೇಬ್ರ, ಆಯೀಗೆ ಗಾಡಿದು ಆಸೇನಽ ಇಲ್ರಿ. ಬೇಡಗಕ್ಕ ಹೋಗಿ ಚೌಕಾ ಹಚ್ಚೂದೈತಿ ಅವರ ಮನಸಿನ್ಯಾಗ. ಬಾಯಿ ಬಿಟ್ಟು ಅನ್ನೂದಿಲ್ಲ. ಇವರು ಹಿಂಗ ಎತ್ತಿ ಇಳಿಸಿದ್ರ ಹೆಂಗ ಹೋಗತಾರ್ರಿ ಅವರು?"

ನಾನು ಜೈನರವನಲ್ಲ, ಆದರೂ ಈ ಸೀಮೆಯಲ್ಲಿ ಇಷ್ಟು ವರ್ಷ ಇದ್ದು ತಿಳಿದದ್ದನ್ನು ಹೇಳುತ್ತೇನೆ. ದಿಗಂಬರ ಮುನಿಗಳು ಎಲ್ಲಿ ಹೋದರೂ ಬರಿಗಾಲಲ್ಲೇ ನಡೆದು ಹೋಗುತ್ತಾರೆ, ಮಳೆಗಾಲದ ನಾಲ್ಕು ತಿಂಗಳು ಮಾತ್ರ ಒಂದೇ ಊರಲ್ಲಿ ನಿಲ್ಲುತ್ತಾರೆ. ದಿನಕ್ಕೆ ಒಂದೇ ಹೊತ್ತು, ನಿಂತುಕೊಂಡು, ಬೊಗಸೆಯಲ್ಲಿ ಆಹಾರ. ಸುತ್ತಲಿನ ಊರುಗಳ ಭಕ್ತರು ಅಲ್ಲಿಗೆ ಹೋಗಿ, ಬಾವಿಯ ನೀರು ಸೋಸಿ, ಮಡಿಯಲ್ಲಿ ಅಡಿಗೆ ಮಾಡಿ ಕಾಯುತ್ತಾರೆ. ಆ ಮಡಿ ಅಡಿಗೆಮನೆಗೆ ಚೌಕಾ ಅನ್ನುತ್ತಾರೆ. ಮುನಿಗಳು ಹೊರಟಾಗ ಪ್ರತಿ ಚೌಕಾದ ಮುಂದೆ ಮನೆಯವರು ಕಳಸ ಹಿಡಿದು, ಬನ್ನಿ ಸ್ವಾಮಿ, ಇಲ್ಲಿ ನಿಲ್ಲಿ ಎಂದು ಕರೆಯುತ್ತಾರೆ. ಆ ವರ್ಷ ಮಿರಜದ ಆಚೆ ಬೇಡಗದಲ್ಲಿ ಒಬ್ಬ ಮುನಿಗಳು ಚಾತುರ್ಮಾಸಕ್ಕೆ ನಿಂತಿದ್ದರು. ಆಯಿ ಮದುವೆಯಾಗಿ ಬಂದಾಗಿನಿಂದ ಸುತ್ತಮುತ್ತ ಎಲ್ಲಿ ಮುನಿಗಳು ನಿಂತರೂ ಚೌಕಾ ಹಾಕಿದವರು. ಬಿದ್ದ ಮೇಲೆ ಅದು ನಿಂತಿತ್ತು.

ಎತ್ತಿ ಇಳಿಸಿದರೆ ಏನಾಯಿತು ಅನ್ನುವುದು ಆಗ ನನಗೆ ಅರ್ಥವಾಗಲಿಲ್ಲ. ವಿಮಲಾಬಾಯಿ ಹೋಗಿ ಬಾಗಿಲು ತಟ್ಟಿ, ಆಯಿಯನ್ನು ಒಪ್ಪಿಸಿ ಕರೆತಂದರು. ನಾನು ಕಟ್ಟೆಯ ಕೆಳಗೆ ನೆಲದ ಮೇಲೆ ಕೂತು ಕೇಳಿದೆ, ಏನು ತಪ್ಪಾಯಿತು ಆಯಿ ಅಂತ.

"ತಪ್ಪೇನಿಲ್ಲಪಾ. ಹುಡುಗೂರು ಪ್ರೀತೀಲೇ ಮಾಡ್ಯಾರ." ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡರು. "ಸ್ವಾಮಿಗಳಿಗೆ ಆಹಾರ ಕೊಡೂವ್ರು ತಮ್ಮ ಕಾಲ ಮ್ಯಾಲ ತಾವು ನಿಂದರಬೇಕು. ತನ್ನ ಮೈ ತನಗ ಆಗದಾಕಿ, ಮಂದಿ ಹೆಗಲ ಮ್ಯಾಲ ಹೇರಿ ತಂದಾಕಿ, ಕಳಸಾ ಹಿಡಕೊಂಡು ಯಾವ ಮಾರೀಲೆ ಕರೀಲಿ? ನನ್ನ ಕಾಲ ನಿಂದರತಾವ ತಮ್ಮಾ. ಈ ಗಾಡಿಯಿಂದ ಇಳಿಯಾಕ ಬರಂಗಿಲ್ಲ, ಅಷ್ಟಽ."

ಆ ಮಾತು ಕೇಳಿ ಅಣ್ಣಾಸಾಹೇಬರು ಕಂಬ ಹಿಡಿದು ನಿಂತುಬಿಟ್ಟರು. ಇಷ್ಟು ದಿನ ತಾಯಿಗಾಗಿ ಅಂತ ಹೋಲಿಸಿದ್ದೆಲ್ಲ ಬೇರೆ ಯಾವುದೋ ಗಾಡಿಯ ಲೆಕ್ಕ ಅನ್ನುವುದು ಅವರಿಗೂ ನನಗೂ ಒಟ್ಟಿಗೇ ತಿಳಿಯಿತು.

ಅಲ್ಲಿಂದ ನನ್ನ ಕೆಲಸ ಶುರುವಾಯಿತು. ಆಯಿ ಆ ಕಟ್ಟೆಯಿಂದ ಯಾರ ಹಂಗೂ ಇಲ್ಲದೆ ಏಳುತ್ತಾರೆ, ಕೂರುತ್ತಾರೆ. ಹಾಗಾದರೆ ಅವರ ದೇಹಕ್ಕೆ ಒಪ್ಪುವ ಎತ್ತರ ಅದೇ. ಟೇಪು ತರಿಸಿ ಅಳೆದೆ: ಹತ್ತೊಂಬತ್ತು ಇಂಚು. ಸೆಡಾನಿನ ಸೀಟು ನೆಲದಿಂದ ಹದಿನೈದೇ ಇಂಚು. ಆರೋಗ್ಯವಂತರಿಗೆ ಆ ನಾಲ್ಕು ಇಂಚು ಏನೂ ಅಲ್ಲ, ಸೊಂಟದಲ್ಲಿ ಸ್ಟೀಲ್ ಇರುವವರಿಗೆ ಅದು ಬಾವಿ. ಸೀಟಿನ ಮೇಲೆ ಏನಾದರೂ ಏರಿಸಿ ಕೂರಿಸೋಣ ಅಂದರೆ ತಲೆ ಚಾವಣಿಗೆ ಬಡಿಯುತ್ತದೆ. ಬಾಗಿಲ ಚೌಕಟ್ಟೂ ತಗ್ಗು, ಬಗ್ಗಬೇಕು. ಸೆಡಾನ್ ಎರಡೂ ಅಲ್ಲಿಗೆ ಮುಗಿದವು.

ವ್ಯಾನಿನ ಸೀಟು ಇಪ್ಪತ್ತೇಳು ಇಂಚು. ಅದು ಎತ್ತರವಾಯಿತು. ಆದರೆ ಎತ್ತರಕ್ಕೆ ಉಪಾಯ ಉಂಟು, ತಗ್ಗಿಗೆ ಇಲ್ಲ. ಕೆಳಗೆ ಎಂಟು ಇಂಚಿನ ಮೆಟ್ಟಿಲು ಇಟ್ಟರೆ, ಅದರ ಮೇಲೆ ನಿಂತವರಿಗೆ ಸೀಟು ಸರಿಯಾಗಿ ಕಟ್ಟೆಯಷ್ಟೇ ಆಗುತ್ತದೆ. ಎಂಟು ಇಂಚು ಅವರ ಮನೆಯ ಹೊಸ್ತಿಲ ಮೆಟ್ಟಿಲಷ್ಟೇ, ದಿನಾ ಹತ್ತುವುದು. ಬಾಗಿಲು ಹಿಂದಕ್ಕೆ ಜಾರುವುದರಿಂದ ಎದುರಿಗೆ ಏನೂ ಅಡ್ಡವಿಲ್ಲ. ಮೆಟ್ಟಿಲೇರಿ, ಬೆನ್ನು ತಿರುಗಿಸಿ, ಮೊದಲು ಕೂತು, ಆಮೇಲೆ ಕಾಲು ಒಳಗೆ ತೆಗೆದುಕೊಂಡರೆ ಆಯಿತು. ಇದನ್ನು ನಾನು ಅಂಗಳದಲ್ಲಿ ಮುದುಕಿಯ ಹಾಗೆ ಸೊಂಟ ಹಿಡಿದು ಮಾಡಿ ತೋರಿಸಿದೆ. ಆಯಿ ಒಂದು ವರ್ಷದಲ್ಲಿ ಮೊದಲ ಸಲ ನಕ್ಕರು ಅಂತ ಭೂಪಾಲರು ಆಮೇಲೆ ಹೇಳಿದರು. ನನ್ನ ನಟನೆ ಅಷ್ಟು ಚೆನ್ನಾಗಿತ್ತೋ, ಅಷ್ಟು ಕೆಟ್ಟದ್ದಾಗಿತ್ತೋ!

ಭೂಪಾಲರು ಒಳಗಿನಿಂದ ಅಗಲವಾದ ಮರದ ಮೆಟ್ಟಿಲು ತಂದಿಟ್ಟರು. ಆಯಿ ಹತ್ತಿದರು, ತಿರುಗಿದರು. ಮಳೆಗೆ ಮೆತ್ತಗಾಗಿದ್ದ ನೆಲದಲ್ಲಿ ಮೆಟ್ಟಿಲಿನ ಒಂದು ಕಾಲು ಹೂತು, ಆಯಿ ಒಂದು ಕಡೆ ವಾಲಿದರು. ಇನ್ನೊಮ್ಮೆ ಆ ಎಲುಬು ಮುರಿದರೆ! ಇಬ್ಬರು ಮಕ್ಕಳೂ "ಆಯಿ!" ಅಂತ ಚೀರಿ ಓಡಿದರು. ಆಯಿ ಬಾಗಿಲಿನ ಅಂಚು ಹಿಡಿದುಕೊಂಡು ಅವರ ಮೇಲೇ ರೇಗಿದರು.

"ಹಿಂದ ಸರೀರಿ! ಮುಟ್ಟಬ್ಯಾಡ್ರಿ ಅಂದ್ರ!"

ತಾವೇ ಕಾಲೂರಿ ಇಳಿದು ಕಟ್ಟೆಗೆ ಬಂದು ಕೂತರು. ಅಣ್ಣಾಸಾಹೇಬರು ಸಾಕು, ಈ ಗಾಡಿಯ ಹುಚ್ಚೇ ಬೇಡ, ಮನೆಯಲ್ಲೇ ಇರಲಿ ಅಂದರು. ಆಯಿ ಉಸಿರು ತಿರುಗಿಸಿಕೊಂಡು ನನ್ನನ್ನು ಕರೆದರು. "ತಮ್ಮಾ, ಅಲುಗ್ಯಾಡಿದ್ದು ನಿನ್ನ ಪಾವಟಿಗಿ. ನಾ ಅಲ್ಲ. ಅದನ್ನ ಗಟ್ಟಿ ಮಾಡು" ಅಂದರು.

ನಾನು ಮೆಟ್ಟಿಲನ್ನು ಗಾಡಿಗೇ ಜೋಡಿಸುವುದೆಂದು ನಿಶ್ಚಯ ಮಾಡಿದೆ. ಮಾಲಕರು ಗಂಟುಮುಖ ಹಾಕಿದರು: ಹೊಸ ಗಾಡಿಗೆ ಹೊರಗಿನ ಕಬ್ಬಿಣ ಹಚ್ಚಿದರೆ ವಾರಂಟಿಯ ಗತಿ ಏನು? ನಾನು ಸರ್ವಿಸ್ ವಿಭಾಗದ ಎಂಜಿನಿಯರನ್ನು ಕೂರಿಸಿಕೊಂಡು, ಬಾಡಿಯನ್ನು ಮುಟ್ಟದೆ ಕೆಳಗಿನ ಚಾಸಿಗೆ ಮಾತ್ರ ಬೋಲ್ಟ್ ಹಾಕುವ ಹಾಗೆ ನಕ್ಷೆ ಮಾಡಿಸಿದೆ. ಚಾಸಿ ಅಂದರೆ ಗಾಡಿಯ ಭಾರವೆಲ್ಲ ಹೊರುವ ಉಕ್ಕಿನ ಅಡಿಪಾಯ. ಮಿರಜದ ವೆಲ್ಡಿಂಗ್ ಅಂಗಡಿಯಲ್ಲಿ ಒಳಗೆ ಸರಿಸಿಡಬಹುದಾದ ಕಬ್ಬಿಣದ ಮೆಟ್ಟಿಲು ಮಾಡಿಸಿದೆವು, ಎರಡು ಪಾದ ಪೂರ್ತಿ ತಿರುಗುವಷ್ಟು ಅಗಲ. ಬಾಗಿಲ ಪಕ್ಕ ಹಿಡಿದುಕೊಳ್ಳಲು ಸ್ಟೀಲ್ ಕೊಳವೆ. ಆಯಿ ಮನೆಯಲ್ಲೇ ಸ್ನಾನ ಮಾಡಿ ಮಡಿಯಲ್ಲೇ ಬರಬೇಕಾದ್ದರಿಂದ ಸೀಟಿನ ಮೇಲೆ ತೆಳುವಾದ ಮರದ ಹಲಗೆ. ಹಲಗೆ, ಕೊಳವೆ ಎರಡನ್ನೂ ನೀರು ಹಾಕಿ ತೊಳೆಯಬಹುದು. ಬ್ರೋಷರಿನಲ್ಲಿ ಈ ಮಾಡೆಲ್ ಎಲ್ಲೂ ಇರಲಿಲ್ಲ.

ಅಣ್ಣಾಸಾಹೇಬರ ಬಗ್ಗೆ ಒಂದು ಮಾತು ಹೇಳಬೇಕು. ಪೇಟೆಯಲ್ಲಿ ಅವರಿಗೆ ಸೆಡಾನಿನ ಕನಸು ಎಷ್ಟಿತ್ತೆಂದು ನಾನು ಕಂಡಿದ್ದೆ. ಜೊತೆಯ ಅಡತಿಯವರೆಲ್ಲ ಒಬ್ಬೊಬ್ಬರಾಗಿ ಉದ್ದ ಕಾರು ತಂದಿದ್ದರು. ಆದರೆ ಡೆಲಿವರಿ ದಿನ ಅವರೇ ಬಂದು, ಮೆಟ್ಟಿಲಿನ ಮೇಲೆ ತಮ್ಮ ಪೂರ್ತಿ ಭಾರ ಹಾಕಿ ಕುಣಿದು, ಕೊಳವೆಯನ್ನು ಜಗ್ಗಾಡಿ ನೋಡಿದರು. "ನಗಾವ್ರು ನಗಲ್ರಿ," ಅಂದರು. "ಅವರ ಆಯಿ ಅವರ ಗಾಡ್ಯಾಗ ತಾನಽ ಹತ್ತತಾಳೇನು ಕೇಳ್ರಿ." ಆ ಕ್ಷಣ ಅವರನ್ನು ಅಪ್ಪಿಕೊಳ್ಳಬೇಕೆನಿಸಿತು. ಮ್ಯಾನೇಜರ್ ಆದವನು ಹಾಗೆ ಮಾಡುವಂತಿಲ್ಲವೆಂದು ಕೈ ಕುಲುಕಿದೆ.

ಬೇಡಗಕ್ಕೆ ಹೋಗುವ ದಿನ ನಾನೂ ಜೊತೆಗಿದ್ದೆ. ಮೊದಲ ಸಲ, ಮೆಟ್ಟಿಲು ಏನಾದರೂ ಕೈಕೊಟ್ಟೀತು ಅನ್ನುವ ಅಂಜಿಕೆ ನನಗೂ ಇತ್ತು. ವಿಮಲಾಬಾಯಿ ಮತ್ತು ಮನೆತನದ ಇನ್ನಿಬ್ಬರು ಹೆಣ್ಣುಮಕ್ಕಳು ನಸುಕಿನಲ್ಲೇ ಮುಂದೆ ಹೋಗಿ ಅಡಿಗೆ ಹಿಡಿದಿದ್ದರು. ಆಯಿ ಸ್ನಾನ ಮುಗಿಸಿ, ಮಡಿಸೀರೆ ಉಟ್ಟು ಅಂಗಳಕ್ಕೆ ಬಂದರು. ಯಾರೂ ಹತ್ತಿರ ಹೋಗಕೂಡದೆಂದು ಅಪ್ಪಣೆಯಾಗಿತ್ತು. ಇಬ್ಬರು ಮಕ್ಕಳೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು, ಇಲ್ಲದಿದ್ದರೆ ಆ ಕೈಗಳು ತಡೆಯುತ್ತಿರಲಿಲ್ಲ. ಆಯಿ ಕೋಲನ್ನು ಒಳಗಿಟ್ಟು ಕೊಳವೆ ಹಿಡಿದರು. ಮೆಟ್ಟಿಲೇರಿದರು. ತಿರುಗಿದರು. ಕೂತರು. ಒಂದು ಕಾಲು, ಇನ್ನೊಂದು ಕಾಲು. "ಹೂಂ, ನಡೀರಿ" ಅಂದರು, ದಿನಾ ಹೋಗುವವರ ಹಾಗೆ.

ಸಾಂಗ್ಲಿ ದಾಟಿ, ವಿಶ್ರಾಮಬಾಗ ದಾಟಿ, ಮಿರಜದ ಗದ್ದಲ ದಾಟಿ ಹೋಗುವಷ್ಟೂ ಹೊತ್ತು ಅವರು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. "ಇಲ್ಲಿ ಜ್ವಾಳದ ಹೊಲಾ ಇತ್ತಲ್ಲೋ ಭೂಪಾಲ, ಮನಿಗೋಳು ಯಾವಾಗ ಎದ್ದೂವು?" ಅಂತ ಒಂದಲ್ಲ ಒಂದು ಕೇಳುತ್ತಲೇ ಇದ್ದರು. ಬೇಡಗದಲ್ಲಿ ಚೌಕಾ ಹಾಕಿದ್ದ ಮನೆಯ ಮುಂದೆ ಕೆಸರಾಗಿತ್ತು. ಮೆಟ್ಟಿಲು ಕೆಸರಿಗೆ ತಾಗದೆ ಗಟ್ಟಿಯಾಗಿ ನಿಂತಿತು, ಅದರ ಮುಂದೆ ಒಂದು ಹಾಸುಗಲ್ಲು ಇಟ್ಟಿದ್ದರು. ಆಯಿ ತಾವೇ ಇಳಿದರು. ತಾವೇ ನಡೆದು ಹೋಗಿ ಒಳಗೆ ಪಾತ್ರೆಗಳನ್ನೆಲ್ಲ ನೋಡಿ, ಸೊಸೆಗೆ ಎರಡು ತಪ್ಪು ತೋರಿಸಿದರು. ವಿಮಲಾಬಾಯಿ ಆ ಬೈಗುಳಕ್ಕೆ ಕಣ್ಣೀರು ತಂದುಕೊಂಡು ನಕ್ಕರು.

ಹೊತ್ತು ಏರಿತು. ಓಣಿಯ ಎರಡೂ ಕಡೆ ಚೌಕಾಗಳ ಮುಂದೆ ಜನ ಕಳಸ, ತೆಂಗಿನಕಾಯಿ ಹಿಡಿದು ನಿಂತರು. ನಮ್ಮ ಆಯಿ ಬಾಗಿಲಲ್ಲಿ, ಕೋಲು ಗೋಡೆಗೆ ಒರಗಿಸಿಟ್ಟು, ಎರಡೂ ಕೈಯಲ್ಲಿ ಕಳಸ ಹಿಡಿದು ನೆಟ್ಟಗೆ ನಿಂತಿದ್ದರು. ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಮುನಿಗಳು ಹೊರಡುವ ಮುನ್ನ ಮನಸ್ಸಿನಲ್ಲೇ ಒಂದು ನಿಯಮ ಹಾಕಿಕೊಂಡಿರುತ್ತಾರೆ, ಇಂಥದೊಂದು ಕಂಡಲ್ಲಿ ಮಾತ್ರ ನಿಲ್ಲುತ್ತೇನೆ ಅಂತ. ಅದು ಯಾರಿಗೂ ತಿಳಿಯುವುದಿಲ್ಲ. ಕಂಡರೆ ಆ ಮನೆಯಲ್ಲಿ ಆಹಾರ, ಎಲ್ಲೂ ಕಾಣದಿದ್ದರೆ ಅಂದು ಉಪವಾಸ.

ಮುನಿಗಳು ಓಣಿಯ ತಿರುವಿನಲ್ಲಿ ಕಂಡರು. "ನಮೋಸ್ತು ಸ್ವಾಮಿ, ನಮೋಸ್ತು" ಎಂದು ಎಲ್ಲ ಬಾಗಿಲಿನಿಂದ ದನಿ ಎದ್ದಿತು. ಅದರಲ್ಲಿ ಆಯಿಯ ದನಿ ಎಲ್ಲರಿಗಿಂತ ಗಟ್ಟಿ. ಅಷ್ಟು ಸಣ್ಣ ದೇಹದಲ್ಲಿ ಆ ಕಂಠ ಇಷ್ಟು ದಿನ ಎಲ್ಲಿ ಅಡಗಿತ್ತೋ! ಮುನಿಗಳು ಹತ್ತಿರ ಬಂದರು. ಆಯಿಯ ಮುಂದೆ ನಡಿಗೆ ನಿಧಾನವಾಯಿತು. ಒಂದು ಸಲ ನೋಡಿದರು, ಮುಂದೆ ಹೋದರು. ಮೂರು ಮನೆ ಆಚೆ ನಿಂತರು. ಅಲ್ಲಿಯವರು ಸಂತೋಷದಿಂದ ಅವರನ್ನು ಮೂರು ಸುತ್ತು ಬಂದು ಒಳಗೆ ಕರೆದುಕೊಂಡು ಹೋದರು.

ಇಷ್ಟೆಲ್ಲ ಅಳತೆ, ವೆಲ್ಡಿಂಗು, ಓಡಾಟ, ಎಲ್ಲ ನೀರಲ್ಲಿ ಹೋಯಿತೇ? ಈ ಮುದುಕಿ ಮತ್ತೆ ಕೋಣೆ ಸೇರಿಕೊಂಡರೆ ನಾನು ಯಾವ ಮುಖ ಇಟ್ಟುಕೊಂಡು ಶೋರೂಮಿಗೆ ಹೋಗಲಿ? ಅಣ್ಣಾಸಾಹೇಬರಂತೂ ಐವತ್ತು ವರ್ಷದ ಗಂಡಸು, ಮಗುವಿನಂತೆ ತುಟಿ ಕಚ್ಚಿಕೊಂಡು ನಿಂತಿದ್ದರು. "ಸಿಗಲಿಲ್ಲಲ್ಲ ಆಯಿ" ಅಂದರು ಕೊನೆಗೆ.

ಆಯಿ ಕಳಸವನ್ನು ಸೊಸೆಯ ಕೈಗೆ ಕೊಟ್ಟು, ಮೂರು ಮನೆ ಆಚೆಗೆ ಕೈಮುಗಿದರು. ಮುಖ ಬಾಡಿರಲಿಲ್ಲ. ಕೋಲು ತೆಗೆದುಕೊಂಡು ವ್ಯಾನಿನ ಹತ್ತಿರ ಬಂದು, ಕೊಳವೆ ಹಿಡಿದು ಹತ್ತಿ ಕೂತು, ಸೆರಗು ಸರಿಮಾಡಿಕೊಂಡರು.

"ಸಿಗಲಿಲ್ಲಂದ್ರ ಏನಾತೋ? ನಾಳಿ ಬರೂಣು. ನಾಳಿ ನಿಂದರಲಿಲ್ಲಂದ್ರ ನಾಡದ ಬರೂಣು. ವಿಮಲಾ, ನಾಳಿ ಒಂದೀಟು ಲಗೂ ಹೊಂಡೂಣು, ನಿನ್ನ ಹೆಸರುಬ್ಯಾಳಿ ಬೆಂದೇ ಇರಲಿಲ್ಲ."

ಅಣ್ಣಾಸಾಹೇಬರು ಗಾಡಿಯ ಹಿಂದೆ ಹೋಗಿ ನಿಂತು ಅತ್ತರು. ನನ್ನ ಕಣ್ಣೂ ಒದ್ದೆಯಾಗಿತ್ತು, ಅದರಲ್ಲಿ ಮುಚ್ಚಿಡುವುದೇನಿದೆ. ನಂದು ಮುಗಿಯಿತು ಅನ್ನುತ್ತಿದ್ದ ಜೀವ ನಾಡಿದ್ದಿನ ತನಕ ಕಾರ್ಯಕ್ರಮ ಹಾಕಿಕೊಂಡಾಗಿತ್ತು.

ಆ ವಾರದಲ್ಲೇ ಮುನಿಗಳು ಆಯಿಯ ಚೌಕಾದ ಮುಂದೆ ನಿಂತರಂತೆ. ಭೂಪಾಲರು ಶೋರೂಮಿಗೆ ಫೋನ್ ಮಾಡಿ ಹೇಳಿದರು. ನನಗೆ ತುಂಬ ಸಂತೋಷವಾಯಿತು. ಆದರೆ ನಿಜ ಹೇಳಬೇಕೆಂದರೆ ನನ್ನ ಪಾಲಿಗೆ ಆ ಗಾಡಿಯ ಡೆಲಿವರಿ ಮೊದಲನೇ ದಿನವೇ ಆಗಿತ್ತು, ಮುನಿಗಳು ನಿಲ್ಲದೆ ಹೋದ ದಿನ.

ಆಮೇಲೆ ಬಹಳ ವರ್ಷ ಕಾರು ಮಾರಿದೆ. ಹೊಸ ಹುಡುಗರು ಕೆಲಸಕ್ಕೆ ಸೇರಿದಾಗ ಅವರ ಕೈಯಿಂದ ಬ್ರೋಷರ್ ಕಸಿದುಕೊಂಡು ಹೇಳುತ್ತಿದ್ದದ್ದು ಒಂದೇ: ಗಿರಾಕಿಗೆ ಯಾವ ಗಾಡಿ ಬೇಕು ಅಂತ ಕೇಳಬೇಡಿ. ಆ ಗಾಡಿಯಿಂದ ಯಾರು ಇಳಿಯಬೇಕು, ಎಲ್ಲಿ ಇಳಿಯಬೇಕು, ಇಳಿದು ಏನು ಮಾಡಬೇಕು ಅಂತ ಕೇಳಿ. ಹೋಲಿಕೆ ಆಮೇಲೆ ತಾನಾಗಿ ಆಗುತ್ತದೆ. ಇದನ್ನು ನಮ್ಮ ಕಂಪನಿಯ ಯಾವ ಟ್ರೇನಿಂಗಿನಲ್ಲೂ ಕಲಿಸಲಿಲ್ಲ. ಬೇಡಗದ ಕೆಸರಿನ ಓಣಿಯಲ್ಲಿ, ಆಹಾರ ಕೊಡಲು ಸಿಗದೆ ವಾಪಸು ಹೊರಟ ಒಬ್ಬ ಮುದುಕಿ ಬೇಳೆ ಬೆಂದಿಲ್ಲವೆಂದು ಸೊಸೆಗೆ ಬೈಯುತ್ತ ಕಲಿಸಿದರು.